ಏಳನೆಯ ಮಾಳಿಗೆಯ ಗುಣಲಬ್ಧ

ಲಿಫ್ಟು ಐದಕ್ಕೇ ನಿಂತಿತ್ತು. ಉಳಿದೆರಡು ಮಾಳಿಗೆಗೆ
ಮೆಟ್ಟಿಲೇ ಗತಿ. ಹೆಗಲಿಗೆ ಜನಗಣತಿಯ ಚೀಲ,
ಅರ್ಧ ಬಾಟಲಿ ನೀರು. ಮುಂಬಯಿಯ ಅಂಟಾಪ್ ಹಿಲ್‌ನ ಈ ಕಟ್ಟಡದಲ್ಲಿ
ಮೇ ತಿಂಗಳ ಸೆಖೆ
ಗೋಡೆಯೊಳಗೇ ಬಾಡಿಗೆಗಿದೆ.

೭೧೪. ಘಾಡಿಗಾಂವ್ಕರರದು, ಅಣ್ಣತಮ್ಮಂದಿರ ಒಟ್ಟು ಸಂಸಾರ.
ಮಕ್ಕಳ ವಯಸ್ಸು?
ಹದಿನೇಳು, ಏಳು, ಮೂರು, ಮತ್ತೆ
ಈಗಷ್ಟೇ ನೆಲಕ್ಕಿಳಿದು ಮನೆಯ ಯಜಮಾನನಾದ ಎರಡು.

೭೧೫. ಪರ್ಕಾರರದು, ರತ್ನಾಗಿರಿ ಕಡೆಯವರು.
ಬೇಡವೆಂದರೂ ಚಹಾ ಬಂತು.
ಹದಿಮೂರು, ಹನ್ನೊಂದು, ಐದು.

ಎರಡು ಬಾಗಿಲ ನಡುವೆ ಒಂದು ಚಪ್ಪಲಿ ಸ್ಟ್ಯಾಂಡು.
ಯಾರ ಅಂಗುಲವನ್ನು ಯಾರು ನುಂಗಿದರೆಂಬ ತಕರಾರಿಗೆ
ದೊಡ್ಡವರಲ್ಲಿ ಎರಡು ವರ್ಷದಿಂದ ಮಾತಿಲ್ಲ.
ಸೊಸೈಟಿಯ ಕಾರ್ಯದರ್ಶಿ ಎಳೆದ ಸೀಮೆಸುಣ್ಣದ ಗೆರೆ
ಇನ್ನೂ ಅಲ್ಲಲ್ಲಿ ಬೆಳ್ಳಗೆ.
ನನ್ನ ಫಾರಮ್ಮಿನಲ್ಲಿ ಇದಕ್ಕೆ ಕಾಲಂ ಇಲ್ಲ.

ಮೆಟ್ಟಿಲ ಮೇಲೆ ಕೂತು ಬೆವರೊರೆಸಿಕೊಂಡೆ.
ಮಹಾಪಾಲಿಕೆಯ ಕನ್ನಡ ಶಾಲೆಯಲ್ಲಿ
ಇಪ್ಪತ್ತಾರು ವರ್ಷ ಲೆಕ್ಕ ಕಲಿಸಿದ ಕೈ ಸುಮ್ಮನಿರಬೇಕಲ್ಲ.
ನಾಲ್ಕು ವಯಸ್ಸು ಗುಣಿಸಿದೆ: ಏಳುನೂರ ಹದಿನಾಲ್ಕು.
ಬಾಗಿಲು ನೋಡಿದೆ.
ತಪ್ಪಿರಬೇಕೆಂದು ಮತ್ತೆ ಗುಣಿಸಿದೆ.
ಪಕ್ಕದ್ದು, ಐದು ಹನ್ನೊಂದಲೆ ಹದಿಮೂರಲೆ,
ಹೇಳುವುದೇ ಬೇಡ.
ಕೂಡಿಸಿದರೆ?
ಅಲ್ಲೂ ಇಪ್ಪತ್ತೊಂಬತ್ತು, ಇಲ್ಲೂ ಇಪ್ಪತ್ತೊಂಬತ್ತು.

ನೆರೆಹೊರೆಯ ಎರಡು ಸಂಖ್ಯೆಗಳಿಗೆ
ಒಂದರ ಹೊರತು ಸಾಮಾನ್ಯ ಅಪವರ್ತನವಿಲ್ಲ.
ಬೋರ್ಡಿನ ಮೇಲೆ ನೂರು ಸಲ ಬರೆದಿದ್ದೇನೆ,
ಬಾಗಿಲುಗಳ ಎದುರು ಕೂತು ಓದಿದ್ದು ಇದೇ ಮೊದಲು.

ಎರಡೂ ಮನೆ ಗುಣಿಸಿದೆ. ೫,೧೦,೫೧೦.
ಹದಿನೇಳರವರೆಗಿನ ಅವಿಭಾಜ್ಯಗಳು ಏಳೂ
ಒಂದೊಂದೇ ಸಲ ಹಾಜರಿ ಹೇಳಿ ಕೂತ ಸಂಖ್ಯೆ.
ಅಲ್ಪವಿರಾಮ ಅಳಿಸಿ ನೋಡಿ: ೫೧೦೫೧೦.
ಅವಳಿ ಹುಡುಗರು, ಬೆನ್ನಿಗೆ ಬೆನ್ನು.
ನಮ್ಮ ಲಕ್ಷದ ಗುರುತು
ಮೊದಲನೆಯವನ ಕತ್ತಿನ ಮೇಲೇ ಬಿದ್ದು
ಚಹರೆ ಮರೆಸಿಬಿಟ್ಟಿತ್ತು.

ಕೆಳಗೆ ಗೇಟಿಗೆ ಚೆಂಡು ಬಡಿದ ಸದ್ದು.
ಬಗ್ಗಿ ನೋಡಿದರೆ ಏಳು, ಹನ್ನೊಂದು, ಹದಿಮೂರು,
ಒಂದೇ ಬ್ಯಾಟು, ಸರದಿಗೆ ಜಗಳ.
ಗುಣಿಸಿದರೆ ಸಾವಿರದ ಒಂದು.
ಮೇಲೆ ಹದಿನೇಳರವಳು ಫೋನಿನಲ್ಲಿ ಮುಳುಗಿಕೊಂಡೇ
ಎರಡನ್ನು, ಮೂರನ್ನು,
ಗೆರೆ ದಾಟಿ ಬಂದ ಪಕ್ಕದ ಮನೆಯ ಐದನ್ನೂ
ಕಾಲಡ್ಡವಿಟ್ಟು ಕಾಯುತ್ತಿದ್ದಾಳೆ.
ಗುಣಿಸಿದರೆ ಐನೂರ ಹತ್ತು.
ಅದಕ್ಕೇ ಅದು ಎರಡು ಸಲ:
ಮೂರಂಕಿಯ ಯಾರು ಬಂದರೂ ಸಾವಿರದ ಒಂದು
ಅವರ ಪಕ್ಕದಲ್ಲಿ ಅವರನ್ನೇ ತಂದು ಕೂರಿಸುತ್ತದೆ.

ಈ ಏಳರಲ್ಲಿ ಯಾರು ಯಾರ ಜೊತೆ ಗುಂಪು ಕಟ್ಟಿದರೂ
(ನೂರ ಇಪ್ಪತ್ತೆಂಟು ಬಗೆ, ಬೆರಳು ಮಡಚಿ ನೋಡಿ)
ಶೇಷವಿಲ್ಲದೆ ಭಾಗವಾಗುತ್ತದೆ.
ಯಾರೂ ಆಡಲು ಬಾರದ ಮಧ್ಯಾಹ್ನವೂ ಲೆಕ್ಕಕ್ಕುಂಟು.
ಅದರ ಹೆಸರು ಒಂದು.

ದುರಾಸೆ; ಒಂದು ಕೂಡಿಸಿದೆ. ೫೧೦೫೧೧.
ಏಳೂ ಮಂದಿ ಸೋತರು, ಪ್ರತಿಯೊಬ್ಬರ ಅಂಗೈಯಲ್ಲೂ
ಒಂದೊಂದು ಉಳಿದುಹೋಯಿತು.
ಹಾಗಾದರೆ ಯಾರಿಗೂ ಒಡೆಯದ್ದೇ?
ಬಾಟಲಿಯ ನೀರು ಮುಗಿಯುವ ಹೊತ್ತಿಗೆ ಒಡೆಯಿತು:
ಹತ್ತೊಂಬತ್ತು, ತೊಂಬತ್ತೇಳು, ಇನ್ನೂರ ಎಪ್ಪತ್ತೇಳು.
೭೧೬ರಲ್ಲಿ ತೊಂಬತ್ತೇಳರ ಒಬ್ಬ ಅಜ್ಜಿ,
ಅವಳ ಉಗುರು ಕತ್ತರಿಸುವ ಹತ್ತೊಂಬತ್ತರ ಹುಡುಗಿ
ಇದ್ದಿದ್ದರೆ ಚೆನ್ನಾಗಿತ್ತು.
೭೧೬ಕ್ಕೆ ಬೀಗ.

ಜೂನ್ ಒಂಬತ್ತಕ್ಕೆ ಚಿಕ್ಕವನಿಗೆ ಮೂರು ತುಂಬುತ್ತದೆ.
ಆಮೇಲೆ ಆ ಮನೆ ಸಾವಿರದ ಎಪ್ಪತ್ತೊಂದು;
ಅಂಥ ಬಾಗಿಲೇ ಈ ಕಟ್ಟಡದಲ್ಲಿಲ್ಲ.

ಮಾಹಿತಿ ಗೌಪ್ಯ, ಸಹಿ ಹಾಕಿದ್ದೇನೆ.
ಶಾಲೆ ಶುರುವಾದ ದಿನ ಸಂಖ್ಯೆಯನ್ನಷ್ಟೇ ಬೋರ್ಡಿಗೆ ಬರೆದೆ.
ಏಳನೆಯ ತರಗತಿಗೆ ಈಗ ಹನ್ನೊಂದೇ ಮಕ್ಕಳು.
ಸಾಯಬಣ್ಣ ಎದ್ದು ನಿಂತ:
‘ಇದು ಏನರ ಲೆಕ್ಕಾರೀ ಟೀಚರ್?’
‘ಚಪ್ಪಲಿ ಸ್ಟ್ಯಾಂಡಿಂದು’ ಅಂದೆ.

ಅವನು ಬರೆದುಕೊಂಡ.